ಗ್ರೂಪ್ ಕ್ಯಾಪ್ಟನ್ ಸುರಂಜನ ದಾಸರ ಜೀವಿತ

ಬೆಂಗಳೂರು ನಗರದಲ್ಲಿ ಹಳೆಯ ಮದರಾಸು ರಸ್ತೆಯಿಂದ ವಿಮಾನ ಕಾರ್ಖಾನೆಯ ಕಡೆಗೆ ಹೋಗುವ ದೊಡ್ಡ ಬೀದಿಯೊಂದಕ್ಕೆ ಸುರಂಜನ ದಾಸ್ ರಸ್ತೆಯೆಂದು ಹೆಸರು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಆ ನಗರಕ್ಕೆ ಹೋಗಿರುವ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ದಾರಿಯಲ್ಲಿ ಸಂಚರಿಸಿರಬಹುದು. ಆದರೆ ಆ ಹೆಸರನ್ನು ಹೊತ್ತಿದ್ದ ಮಹನೀಯರು ಯಾರು, ಅವರು ಮಾಡಿದ ಕೆಲಸವೇನು ಎಂಬುದನ್ನು ಬಲ್ಲವರು ಬಹಳ ಮಂದಿ ಇಲ್ಲ. ನಮ್ಮ ದೇಶದಲ್ಲಿಯೇ ರೂಪಿಸಲ್ಪಟ್ಟ ಮೊದಲನೆಯ ಜೆಟ್ ಯುದ್ಧವಿಮಾನವನ್ನು ಮೊದಲನೆಯ ಸಲ ಆಕಾಶಕ್ಕೆ ಏರಿಸಿದವರು ಅವರೇ; ಅದೇ ವಿಮಾನವನ್ನು ಉತ್ತಮಪಡಿಸುವ ಪ್ರಯತ್ನದಲ್ಲಿ ಪ್ರಾಣವನ್ನು ಒಪ್ಪಿಸಿದವರೂ ಅವರೇ. ಈಗ ನಮ್ಮ ಜಿಲ್ಲೆಯಲ್ಲಿಯೇ ವಿಮಾನಗಳನ್ನು ಪರೀಕ್ಷಿಸುವ ಬಯಲೊಂದು ಏರ್ಪಟ್ಟಿರುವುದರಿಂದ, ಅಂಥ ಪರೀಕ್ಷೆಗೆ ತಮ್ಮ ಜೀವಮಾನವನ್ನು ಮೀಸಲಾಗಿಟ್ಟವರ ಚರಿತ್ರೆಯನ್ನು ನಾವು ತಿಳಿದುಕೊಳ್ಳುವುದು ಯುಕ್ತವಾಗಿದೆ.

ಸುರಂಜನ ದಾಸರು ೧೯೨೦ನೆಯ ಇಸವಿಯಲ್ಲಿ ಬಂಗಾಳದ ಒಂದು ಸುಶಿಕ್ಷಿತ ಕುಟುಂಬದಲ್ಲಿ ಜನಿಸಿದರು. ಅವರ ತಂದೆಯವರಾದ ಸುಧೀರಂಜನ ದಾಸರು ಬಾಲ್ಯದಲ್ಲಿ ರವೀಂದ್ರನಾಥ ಠಾಕೂರರ ಶಾಂತಿನಿಕೇತನದಲ್ಲಿ ಕಲಿತು, ನ್ಯಾಯಶಾಸ್ತ್ರದಲ್ಲಿ ಪ್ರವೀಣರಾಗಿ, ೧೯೫೬ರಿಂದ ೧೯೫೯ರ ವರೆಗೆ ಭಾರತದ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದರು. ಇಂಥ ಮನೆಯಲ್ಲಿ ಹುಟ್ಟಿದ ಮಗನು ತಂದೆಯ ಹಾದಿಯನ್ನೇ ಹಿಡಿದು ಸುಖವಾಗಿ ಬಾಳಬಹುದಾಗಿತ್ತು. ಆದರೆ ಸುರಂಜನರ ಮನಸ್ಸು ಆಕಾಶದ ಕಡೆಗೆ ತಿರುಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಾಯುಸೇನೆಯನ್ನು ಸೇರಿದರು. ಮೇಲೆ ನೋಡಿದರೆ ತಂದೆಯ ವೃತ್ತಿಗೂ ಮಗನ ವೃತ್ತಿಗೂ ಯಾವ ಸಂಬಂಧವೂ ಕಾಣುವುದಿಲ್ಲ. ಆದರೆ ವಿಚಾರಿಸಿ ನೋಡಿದರೆ ಇಬ್ಬರ ಕೆಲಸವೂ ಒಂದೇ ತಳಹದಿಯ ಮೇಲೆ ನಿಂತಿತ್ತೆಂದು ಹೇಳಬಹುದು. ತಂದೆಯು ಸಾಕ್ಷ್ಯವನ್ನು ಕೇಳಿ ತೀರ್ಪು ಕೊಡುವವರು. ಮಗನು ಯಂತ್ರದ ವಿಷಯದಲ್ಲಿ ಸತ್ಯವಾದ ಸಾಕ್ಷ್ಯವನ್ನು ಹೇಳುವವರು.

ಇದನ್ನು ಸ್ವಲ್ಪ ವಿವರಿಸಬೇಕಾಗಿದೆ. ಹೊಸದಾಗಿ ಕಟ್ಟಿದ ವಿಮಾನವು ಕಾಗದದ ಮೇಲಿನ ಲೆಕ್ಕದಲ್ಲಿ ಸರಿಯಾಗಿರಬಹುದು. ಅದರ ಚಿಕ್ಕ ಮಾದರಿಯನ್ನು ಕೊಳವೆಯಂಥ ಮನೆಯೊಳಗೆ ನಿಲ್ಲಿಸಿ ಬಲವಾದ ಗಾಳಿಯನ್ನು ಬಿಟ್ಟು ನೋಡಿದಾಗಲೂ ದೋಷವು ಕಾಣದಿರಬಹುದು. ಆದರೂ ಅದು ನಿಜವಾಗಿ ಆಕಾಶದಲ್ಲಿ ಹೇಗೆ ನಡೆದುಕೊಳ್ಳುವುದೆಂಬುದು ಯಾರಾದರೊಬ್ಬರು ಅದರಲ್ಲಿ ಕುಳಿತು ಹಾರಿಸುವ ತನಕ ನಿಶ್ಚಯವಾಗುವುದಿಲ್ಲ. ಆ ಮೊದಲನೆಯವರಿಗೆ ಪರೀಕ್ಷಾ ವೈಮಾನಿಕರೆಂದು ಹೆಸರು. ಎಷ್ಟು ನಿಧಾನವಾಗಿ ಹೋದರೆ ರೆಕ್ಕೆಗಳು ಎತ್ತುವ ಶಕ್ತಿಯನ್ನು ಕಳೆದುಕೊಳ್ಳುವುವು, ಎಷ್ಟು ವೇಗಕ್ಕೆ ಒಡಲು ನಡುಗುವುದು, ಎಂಜಿನು ನಡುದಾರಿಯಲ್ಲಿ ಆರಿಹೋದರೆ ತಿರುಗಿ ಹೊತ್ತುವುದೋ ಇಲ್ಲವೋ, ಸುತ್ತುತ್ತಾ ಬೀಳುವಾಗ ಹಿಡಿತಕ್ಕೆ ಬರುವುದೋ ಇಲ್ಲವೋ ಎಂಬಿವೆಲ್ಲವನ್ನೂ ಅವರು ಬೇಕೆಂದೇ ಮಾಡಿ ನೋಡಿ, ಅಂಕಿಗಳ ಸಮೇತ ಬರೆದು ಒಪ್ಪಿಸಬೇಕು. ಕಟ್ಟಿದವರ ಮನಸ್ಸಿಗೆ ನೋವಾಗುವುದೆಂದು ದೋಷವನ್ನು ಮುಚ್ಚಬಾರದು. ತನ್ನ ಜಾಣ್ಮೆ ತೋರಬೇಕೆಂದು ದೊಡ್ಡದು ಮಾಡಿ ಹೇಳಲೂ ಬಾರದು. ಅವರ ಒಂದು ಮಾತು ತಪ್ಪಾದರೆ ಮುಂದೆ ಆ ವಿಮಾನವನ್ನು ಏರುವ ನೂರಾರು ಯುವಕರ ಪ್ರಾಣಕ್ಕೆ ಅಪಾಯವುಂಟು. ಆದಕಾರಣ ಈ ಕೆಲಸಕ್ಕೆ ಸಾಹಸಕ್ಕಿಂತಲೂ ಸತ್ಯಸಂಧತೆಯೇ ಹೆಚ್ಚಾಗಿ ಬೇಕಾದ ಗುಣ. ಈ ವಿದ್ಯೆಯನ್ನು ಕ್ರಮವಾಗಿ ಕಲಿಸುವುದಕ್ಕಾಗಿ ಇಂಗ್ಲೆಂಡಿನಲ್ಲಿ ೧೯೪೩ರಲ್ಲಿ ಒಂದು ಶಾಲೆಯು ಸ್ಥಾಪಿತವಾಗಿ, ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್ ಎಂದು ಪ್ರಸಿದ್ಧವಾಯಿತು. ಅಲ್ಲಿ ತರಬೇತಿ ಹೊಂದಿದ ಮೊದಮೊದಲಿನ ಭಾರತೀಯರಲ್ಲಿ ಸುರಂಜನ ದಾಸರೂ ಒಬ್ಬರು.

ಅವರು ಈ ವಿದ್ಯೆಯಲ್ಲಿ ನುರಿತ ಕಾಲವು ವಿಮಾನ ಲೋಕದಲ್ಲಿಯೇ ಒಂದು ದೊಡ್ಡ ಬದಲಾವಣೆಯ ಕಾಲವಾಗಿತ್ತು. ಅದುವರೆಗೆ ವಿಮಾನಗಳ ಮೂಗಿನಲ್ಲಿ ತಿರುಗುತ್ತಿದ್ದ ಪಂಖವು ಮರೆಯಾಗಿ, ಅದರ ಸ್ಥಾನವನ್ನು ಜೆಟ್ ಎಂಜಿನು ಆಕ್ರಮಿಸುತ್ತಿತ್ತು. ಇಂಗ್ಲೆಂಡಿನ ಫ್ರಾಂಕ್ ವಿಟಲ್ ಎಂಬವರು ೧೯೩೦ರಲ್ಲಿ ಇದರ ಯೋಜನೆಗೆ ಹಕ್ಕುಪತ್ರವನ್ನು ಬೇಡಿ, ೧೯೩೭ರಲ್ಲಿ ತಮ್ಮ ಎಂಜಿನನ್ನು ನೆಲದ ಮೇಲೆ ನಡೆಯಿಸಿದರು. ಜರ್ಮನಿಯ ಹಾನ್ಸ್ ಫಾನ್ ಓಹೈನ್ ಎಂಬವರು ಬೇರೆಯಾಗಿಯೇ ಅದೇ ಯೋಚನೆಯನ್ನು ಮಾಡಿದರು. ಅವರ ಎಂಜಿನಿನಿಂದ ೧೯೩೯ನೆಯ ಇಸವಿ ಆಗಸ್ಟ್ ೨೭ರಂದು ಲೋಕದ ಮೊದಲನೆಯ ಜೆಟ್ ವಿಮಾನವು ಹಾರಿತು. ನಮ್ಮ ವಾಯುಸೇನೆಗೆ ಮೊದಲನೆಯ ಜೆಟ್ ವಿಮಾನಗಳು ೧೯೪೮ರಲ್ಲಿ ಬಂದುವು.

ಈ ಎಂಜಿನು ಕೆಲಸ ಮಾಡುವ ಬಗೆಯನ್ನು ತಿಳಿಯದೆ ದಾಸರ ಜೀವಿತವನ್ನು ಸರಿಯಾಗಿ ತಿಳಿಯಲಾಗದು. ಆದುದರಿಂದ ನಮ್ಮ ಸೀಮೆಯಲ್ಲಿಯೇ ಕಾಣುವ ಕೆಲವು ದೃಷ್ಟಾಂತಗಳಿಂದ ಅದನ್ನು ಹೇಳುವೆವು. ಹಿರಿಯೂರಿನ ಹತ್ತಿರದ ಮಾರಿಕಣಿವೆಯ ಕೆರೆಯಲ್ಲಿ ಹರಿಗೋಲಿನಿಂದ ಒಬ್ಬನು ದಡಕ್ಕೆ ನೆಗೆದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. ಜಾತ್ರೆಯಲ್ಲಿ ಕೊಂಡ ಪುಗ್ಗೆಯನ್ನು ಊದಿ ಅದರ ಬಾಯಿಯನ್ನು ಬಿಟ್ಟರೆ ಗಾಳಿಯು ಹಿಂದಕ್ಕೆ ನುಗ್ಗುತ್ತದೆ, ಪುಗ್ಗೆಯು ಮುಂದಕ್ಕೆ ಹಾರುತ್ತದೆ. ಒಂದು ವಸ್ತುವನ್ನು ಹಿಂದಕ್ಕೆ ತಳ್ಳಿದರೆ ತಳ್ಳಿದ್ದು ತಾನು ಮುಂದಕ್ಕೆ ತಳ್ಳಲ್ಪಡುವುದೆಂಬುದು ದೇವರು ಸೃಷ್ಟಿಯಲ್ಲಿ ಇಟ್ಟಿರುವ ನಿಯಮ. ನ್ಯೂಟನ್ ಪಂಡಿತರು ಅದನ್ನು ಸೂತ್ರವಾಗಿ ಹೇಳಿದರು. ಹೊರಗಿನ ಗಾಳಿಯನ್ನು ಒದ್ದು ವಿಮಾನವು ಹೋಗುವುದೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. ಗಾಳಿಯನ್ನು ವೇಗವಾಗಿ ಹಿಂದಕ್ಕೆ ಎಸೆಯುವ ಕ್ರಿಯೆಯಲ್ಲಿಯೇ ಎಂಜಿನಿಗೆ ಮುಂದಕ್ಕೆ ಹೋಗುವ ಬಲವು ಬರುತ್ತದೆ.

ಪುಗ್ಗೆಯ ಗಾಳಿಯು ಕ್ಷಣದಲ್ಲಿ ಮುಗಿದುಹೋಗುವುದು. ಜೆಟ್ ಎಂಜಿನಾದರೋ ಮುಂದಿನ ಬಾಯಿಯಿಂದ ಗಾಳಿಯನ್ನು ಎಡೆಬಿಡದೆ ಎಳೆದುಕೊಳ್ಳುತ್ತದೆ. ಒಳಗೆ ಒಂದರ ಹಿಂದೆ ಒಂದಾಗಿ ಜೋಡಿಸಿದ ಚಕ್ರಗಳುಂಟು. ಪ್ರತಿಯೊಂದರ ಅಂಚಿನಲ್ಲಿಯೂ ಚಿಕ್ಕ ಚಿಕ್ಕ ಅಲಗುಗಳುಂಟು. ಇವು ಗಾಳಿಯನ್ನು ಸಾಲುಸಾಲಾಗಿ ಒತ್ತಿ ಒತ್ತಿ ಇಕ್ಕಟ್ಟಾದ ಜಾಗಕ್ಕೆ ತುಂಬುವುವು. ಸೈಕಲ್ಲಿನ ಪಂಪನ್ನು ಬಲವಾಗಿ ಒತ್ತಿದಾಗ ಅದರ ತುದಿಯು ಬಿಸಿಯಾಗುವಂತೆ, ಈ ಗಾಳಿಯೂ ಬಿಸಿಯೇರುವುದು. ಅನಂತರ ಅದು ಉರಿಗೂಡಿಗೆ ಬರುತ್ತದೆ. ಅಲ್ಲಿ ಸೀಮೆಎಣ್ಣೆಯ ಜಾತಿಯ ತೈಲವು ತುಂತುರಾಗಿ ಬಿದ್ದು, ಪಂಪ್ ಸ್ಟೋವಿನ ಉರಿಯಂತೆ, ಆದರೆ ಅದಕ್ಕಿಂತ ಸಾವಿರಾರು ಪಾಲು ಉಗ್ರವಾಗಿ, ನಿಲ್ಲದೆ ಉರಿಯುತ್ತಿರುವುದು. ಕಾದ ಗಾಳಿಯು ಹಿಗ್ಗಿ ಹಿಂದಕ್ಕೆ ಧಾವಿಸುವಾಗ, ಅದರ ದಾರಿಯಲ್ಲಿ ಇನ್ನೊಂದು ಚಕ್ರವನ್ನು ಇಟ್ಟಿರುವರು, ಇದೇ ಟರ್ಬೈನು. ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ನಮ್ಮ ಜನರು ಫ್ಯಾನುಗಳೆಂದು ಕರೆಯುವ ಗಾಳಿಯಂತ್ರಗಳನ್ನು ಎಲ್ಲರೂ ಕಂಡಿರುವಿರಿ. ಹೊರಗಿನ ಗಾಳಿಯು ಅವುಗಳನ್ನು ತಿರುಗಿಸುವಂತೆ, ಎಂಜಿನಿನೊಳಗಿನ ಬೆಂಕಿಗಾಳಿಯು ಟರ್ಬೈನನ್ನು ತಿರುಗಿಸುತ್ತದೆ. ಟರ್ಬೈನಿಗೂ ಮುಂದಿನ ಒತ್ತುಚಕ್ರಗಳಿಗೂ ಒಂದೇ ಅಚ್ಚು. ಆದ್ದರಿಂದ ಹಿಂದಿನದು ತಿರುಗಿದರೆ ಮುಂದಿನವೂ ತಿರುಗಿ ಹೊಸ ಗಾಳಿಯನ್ನು ಎಳೆಯುವುವು. ಉಳಿದ ಗಾಳಿಯೆಲ್ಲಾ ಹಿಂದಿನ ಕಿರಿದಾದ ಬಾಯಿಯಿಂದ ಮಹಾವೇಗದಿಂದ ಹೊರಟು ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ.

ಕೇಳುವುದಕ್ಕೆ ಇದು ಸುಲಭ. ಮಾಡುವುದು ಬಹು ಕಷ್ಟ. ಟರ್ಬೈನಿನ ಅಲಗುಗಳು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಾ, ಕುಲುಮೆಯ ಕಬ್ಬಿಣದಂತೆ ಕೆಂಪಾಗಿ ಕಾದಿರುತ್ತಲೇ, ಕೂದಲೆಳೆಯಷ್ಟೂ ಉದ್ದವಾಗದೆ ಬಾಗದೆ ಗಂಟೆಗಟ್ಟಲೆ ನಿಲ್ಲಬೇಕು. ಅಂಥ ಮಿಶ್ರಲೋಹವನ್ನು ಕಂಡುಹಿಡಿದು ಎರಕ ಹೊಯ್ಯುವ ವಿದ್ಯೆಯನ್ನು ಲೋಕದ ಕೆಲವೇ ರಾಷ್ಟ್ರಗಳು ಬಲ್ಲುವು. ಬಲ್ಲವುಗಳು ಅದನ್ನು ಇತರರಿಗೆ ಸುಲಭವಾಗಿ ಕಲಿಸುವುದಿಲ್ಲ. ವಿಮಾನದ ಒಡಲನ್ನು ಕಟ್ಟಬಲ್ಲ ದೇಶವೆಲ್ಲಾ ಅದರ ಎಂಜಿನನ್ನು ಕಟ್ಟಬಲ್ಲದೆಂದು ಹೇಳಲಾಗದು. ಈ ಒಂದು ಮಾತನ್ನು ವಾಚಕರು ಮನಸ್ಸಿನಲ್ಲಿಡಬೇಕು. ದಾಸರ ಜೀವಿತದ ಅಂತ್ಯಕ್ಕೂ ಇದಕ್ಕೂ ಸಂಬಂಧವುಂಟು.

ಬೆಂಗಳೂರಿನ ವಿಮಾನ ಕಾರ್ಖಾನೆಯು ೧೯೪೦ನೆಯ ಇಸವಿ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರ ಪ್ರಯತ್ನದಿಂದಲೂ ಮೈಸೂರು ಸಂಸ್ಥಾನದ ಸಹಾಯದಿಂದಲೂ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಎಂಬ ಹೆಸರಿನಿಂದ ಆರಂಭವಾಯಿತು. ಅಲ್ಲಿಯ ಡಾಕ್ಟರ್ ವಿ. ಎಂ. ಘಾಟಗೆಯವರು ರೂಪಿಸಿದ ಎಚ್.ಟಿ.-೨ ಎಂಬ ಪಂಖದ ತರಬೇತಿ ವಿಮಾನವು ೧೯೫೧ರಲ್ಲಿ ಹಾರಿತು. ಆ ಮೇಲೆ ಶಬ್ದದ ವೇಗವನ್ನು ಮೀರಿ ಹೋಗಬಲ್ಲ ಜೆಟ್ ಯುದ್ಧವಿಮಾನವನ್ನು ನಾವೇ ಮಾಡಬೇಕೆಂದು ಸರಕಾರವು ಸಂಕಲ್ಪಿಸಿತು. ಇದಕ್ಕಾಗಿ ೧೯೫೬ರಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಪ್ರಸಿದ್ಧ ವಿನ್ಯಾಸಕಾರರನ್ನು ಬೆಂಗಳೂರಿಗೆ ಕರೆಯಿಸಿಕೊಂಡರು. ಅವರು ಮಹಾಯುದ್ಧದಲ್ಲಿ ತಮ್ಮ ದೇಶದ ಪರವಾಗಿ ಫೋಕ್ಕೆ-ವುಲ್ಫ್ ಎಂಬ ಯುದ್ಧವಿಮಾನವನ್ನು ರಚಿಸಿದ್ದವರು. ಸೋತ ಮೇಲೆ ಅರ್ಜೆಂಟೈನಾ ದೇಶದಲ್ಲಿ ಕೆಲಸ ಮಾಡಿ ಇಲ್ಲಿಗೆ ಬಂದರು. ಅವರೂ, ಅವರ ಜೊತೆಯ ಜರ್ಮನ್ ಎಂಜಿನಿಯರುಗಳೂ, ಕಲಿಯುವುದಕ್ಕೆ ಆತುರಪಡುತ್ತಿದ್ದ ನಮ್ಮ ತರುಣರೂ ಸೇರಿ ಎಚ್.ಎಫ್.-೨೪ ಎಂಬ ವಿಮಾನವನ್ನು ರೂಪಿಸಿದರು. ಮುಂದೆ ಅದಕ್ಕೆ ವಾಯುದೇವನ ಹೆಸರಾದ ಮಾರುತ ಎಂಬ ಹೆಸರು ಬಂದಿತು.

ಯುದ್ಧವಿಮಾನವು ಪ್ರಯಾಣಿಕರ ವಿಮಾನದಂತಲ್ಲ. ಅದು ಶೀಘ್ರವಾಗಿ ಏರಬೇಕು, ಥಟ್ಟನೆ ತಿರುಗಬೇಕು, ತಿರುಗುವಾಗ ತನ್ನ ತೂಕದ ಹಲವು ಪಟ್ಟು ಭಾರವನ್ನು ತಾಳಬೇಕು. ಶಬ್ದವು ನೆಲದ ಮಟ್ಟದಲ್ಲಿ ಗಂಟೆಗೆ ಸುಮಾರು ೧೨೨೫ ಕಿಲೋಮೀಟರ್ ಹೋಗುವುದು; ಮೇಲಿನ ತಣ್ಣನೆಯ ಗಾಳಿಯಲ್ಲಿ ಅದಕ್ಕಿಂತ ಕಡಿಮೆ. ವಿಮಾನವು ಆ ವೇಗವನ್ನು ಸಮೀಪಿಸಿದಾಗ, ಎದುರಿನ ಗಾಳಿಯು ಪಕ್ಕಕ್ಕೆ ಸರಿಯಲು ಹೊತ್ತು ಸಿಕ್ಕದೆ ಗೋಡೆಯಂತೆ ಒತ್ತರಿಸಿ ನಿಲ್ಲುತ್ತದೆ. ಇದನ್ನು ತಗ್ಗಿಸುವುದಕ್ಕಾಗಿ ರೆಕ್ಕೆಗಳನ್ನು ಈಜುವ ಮೀನಿನ ರೆಕ್ಕೆಯಂತೆ ಹಿಂದಕ್ಕೆ ಓರೆಯಾಗಿಯೂ ತೆಳುವಾಗಿಯೂ ಮಾಡುವರು. ರೆಕ್ಕೆ ಕೂಡುವ ಕಡೆಯಲ್ಲಿ ಒಡಲನ್ನು ಸೊಂಟದಂತೆ ಸಣ್ಣಗೆ ಮಾಡುವರು. ಮಾರುತದಲ್ಲಿ ಇವೆರಡೂ ಇದ್ದುವು. ಅದರ ಎರಡು ಎಂಜಿನುಗಳು ಒಡಲಿನ ಹಿಂಭಾಗದಲ್ಲಿ ಪಕ್ಕಪಕ್ಕದಲ್ಲಿ ಅಡಗಿದ್ದುವು. ಮೂಗಿನಲ್ಲಿ ನಾಲ್ಕು ಫಿರಂಗಿಗಳಿದ್ದುವು. ನೋಡುವುದಕ್ಕೆ ಅದು ಬಹಳ ಅಂದವಾದ ವಿಮಾನವಾಗಿತ್ತೆಂದು ಕಂಡವರೆಲ್ಲರೂ ಒಪ್ಪಿರುವರು.

ಎಂಜಿನನ್ನು ಇಡುವುದಕ್ಕೆ ಮೊದಲು ಆಕಾರವು ಸರಿಯೋ ಎಂದು ತಿಳಿಯಲು, ಅಷ್ಟೇ ಗಾತ್ರದ ಮರದ ವಿಮಾನವೊಂದನ್ನು ಮಾಡಿ, ಡಕೋಟಾ ವಿಮಾನಕ್ಕೆ ಹಗ್ಗದಿಂದ ಕಟ್ಟಿ ಮೇಲಕ್ಕೆ ಎಳೆದುಕೊಂಡು ಹೋಗಿ ಬಿಡುತ್ತಿದ್ದರು. ೧೯೫೯ರಲ್ಲಿ ಆರಂಭವಾಗಿ ಇಂಥ ೭೮ ಹಾರಾಟಗಳು ನಡೆದುವು. ಎಂಜಿನಿಲ್ಲದೆ ತೇಲುತ್ತಾ ಇಳಿಯುವ ಆ ಮರದ ಹಕ್ಕಿಯು ಅನೇಕ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. ಕಡೆಗೆ ನಿಜವಾದ ಲೋಹದ ವಿಮಾನವು ಸಿದ್ಧವಾಯಿತು. ೧೯೬೧ನೆಯ ಇಸವಿ ಜೂನ್ ೧೭ನೆಯ ತಾರೀಖು, ಆಗ ವಿಂಗ್ ಕಮಾಂಡರ್ ಪದವಿಯಲ್ಲಿದ್ದ ಸುರಂಜನ ದಾಸರು ಬೆಂಗಳೂರಿನಲ್ಲಿ ಅದರೊಳಗೆ ಕುಳಿತು ಅದನ್ನು ನೆಲದಿಂದ ಎಬ್ಬಿಸಿದರು, ಕ್ಷೇಮವಾಗಿ ಇಳಿಸಿದರು. ಸ್ವಾತಂತ್ರ್ಯವು ಬಂದು ಇನ್ನೂ ಹದಿನಾಲ್ಕು ವರ್ಷ ತುಂಬಿರಲಿಲ್ಲ. ಅಷ್ಟು ಹೊತ್ತಿಗೆ ಇಂಥ ವಿಮಾನವನ್ನು ತನ್ನ ನೆಲದಲ್ಲಿ ರೂಪಿಸಿ ಹಾರಿಸಿದ ರಾಷ್ಟ್ರಗಳು ಏಷ್ಯಾ ಖಂಡದಲ್ಲಿ ಅತಿ ವಿರಳವಾಗಿದ್ದುವು.

ಮೂರು ವರ್ಷಗಳ ತರುವಾಯ, ೧೯೬೪ನೆಯ ಇಸವಿ ಸೆಪ್ಟೆಂಬರ್ ೪ರಂದು, ದಾಸರು ಮತ್ತೊಂದು ವಿಮಾನವನ್ನು ಮೊದಲನೆಯ ಸಲ ಏರಿಸಿದರು. ಇದು ಘಾಟಗೆಯವರ ಕಾಲದಲ್ಲಿ ರೂಪಗೊಂಡ ಕಿರಣ್ ಎಂಬ ಜೆಟ್ ತರಬೇತಿ ವಿಮಾನ. ಇದರಲ್ಲಿ ಗುರುವೂ ಶಿಷ್ಯನೂ ಪಕ್ಕಪಕ್ಕದಲ್ಲಿ ಕುಳಿತುಕೊಳ್ಳುವರು. ಮಾರುತದಷ್ಟು ಕೀರ್ತಿ ಇದಕ್ಕೆ ಬರಲಿಲ್ಲ. ಆದರೆ ಐವತ್ತು ವರ್ಷಗಳಿಗೂ ಮೀರಿ ನಮ್ಮ ದೇಶದ ವೈಮಾನಿಕರು ಜೆಟ್ ವಿದ್ಯೆಯನ್ನು ಕಲಿತದ್ದು ಇದರಲ್ಲಿಯೇ.

ಈಗ ಮಾರುತದ ಕೊರತೆಯನ್ನು ಹೇಳಬೇಕಾಗಿದೆ. ಅದರ ಒಡಲು ಶಬ್ದವನ್ನು ಮೀರಿ ಹೋಗುವುದಕ್ಕಾಗಿ ರಚಿತವಾಗಿತ್ತು. ಅದಕ್ಕೆ ದೊರೆತ ಎಂಜಿನಾದರೋ ಅಷ್ಟು ಬಲವುಳ್ಳದ್ದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್ ಕಂಪೆನಿಯವರು ಓರ್ಫಿಯಸ್ ಎಂಬ ಎಂಜಿನಿನ ಬಲಿಷ್ಠವಾದ ಹೊಸ ತಳಿಯೊಂದನ್ನು ಮಾಡುವವರಿದ್ದರು. ಟ್ಯಾಂಕ್ ಅವರು ಅದನ್ನೇ ನಂಬಿ ವಿಮಾನವನ್ನು ರೂಪಿಸಿದ್ದರು. ಆದರೆ ಅದನ್ನು ಬೇಕೆಂದು ಕೇಳುವ ಬೇರೆ ದೇಶವಿಲ್ಲದೆ ಆ ಕೆಲಸವು ನಿಂತಿತು. ಅದನ್ನು ಮುಂದುವರಿಸುವುದಕ್ಕೆ ಬೇಕಾದ ಹಣವನ್ನು ನಮ್ಮ ಸರಕಾರವು ಕೊಡಲು ಮನಸ್ಸು ಮಾಡಲಿಲ್ಲ. ಆದುದರಿಂದ ಚಿಕ್ಕದಾದ ನ್ಯಾಟ್ ವಿಮಾನಕ್ಕಾಗಿ ಬೆಂಗಳೂರಿನಲ್ಲಿ ತಯಾರಾಗುತ್ತಿದ್ದ ಸಾಧಾರಣ ಓರ್ಫಿಯಸ್ ಎಂಜಿನುಗಳ ಜಾತಿಯವೇ ಎರಡನ್ನು ಮಾರುತಕ್ಕೆ ಜೋಡಿಸಿದರು. ಏಳು ಸಾಲು ಒತ್ತುಚಕ್ರಗಳೂ ಒಂದು ಟರ್ಬೈನೂ ಇದ್ದ ಆ ಎಂಜಿನು ನಂಬಿಕೆಗೆ ಯೋಗ್ಯವಾದದ್ದೇ. ಒಂದೊಂದರ ತಳ್ಳುವ ಬಲವು ಸುಮಾರು ೨೨೦೦ ಕಿಲೋಗ್ರಾಂ. ಬೇಕಾಗಿದ್ದುದು ಸುಮಾರು ೩೭೦೦ ಕಿಲೋಗ್ರಾಂ. ಮಾರುತವು ನೇರವಾದ ಹಾರಾಟದಲ್ಲಿ ಶಬ್ದದ ವೇಗವನ್ನು ಸಮೀಪಿಸಿತೇ ಹೊರತು ದಾಟಲಾರದೆ ಹೋಯಿತು. ಈಜಿಪ್ಟ್ ದೇಶದವರು ಮಾಡುತ್ತಿದ್ದ ಎಂಜಿನೊಂದನ್ನು ೧೯೬೭ರಲ್ಲಿ ಅದರಲ್ಲಿಟ್ಟು ನೋಡಿದರು. ಆ ಯೋಜನೆಯೂ ನಿಂತುಹೋಯಿತು. ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ಖರ್ಚನ್ನು ಲೆಕ್ಕಿಸುವನೆಂಬ ಸುವಾರ್ತೆಯ ಸಾಮ್ಯವು ಇಲ್ಲಿ ನೆನಪಿಗೆ ಬಾರದಿರದು. ಒಡಲಿಗೆ ಕೊಟ್ಟ ಗಮನವನ್ನು ಉಸಿರಿಗೆ ಕೊಡಲಿಲ್ಲ. ಅದರ ಫಲವನ್ನು ಮುಂದಿನವರು ಅನುಭವಿಸಬೇಕಾಯಿತು.

ಉಳಿದಿದ್ದ ಉಪಾಯವೊಂದೇ: ಇರುವ ಎಂಜಿನಿನ ಬಲವನ್ನು ಹೇಗಾದರೂ ಹೆಚ್ಚಿಸುವುದು. ಟರ್ಬೈನನ್ನು ದಾಟಿ ಹೊರಬರುವ ಗಾಳಿಯಲ್ಲಿ ಉರಿಯದೆ ಉಳಿದಿರುವ ಆಮ್ಲಜನಕವು ಇನ್ನೂ ಬಹಳವಾಗಿರುತ್ತದೆ. ಹಿಂದಿನ ಕೊಳವೆಯಲ್ಲಿ ಇನ್ನೊಂದು ಸಲ ತೈಲವನ್ನು ಚಿಮುಕಿಸಿ ಹೊತ್ತಿಸಿದರೆ, ಗಾಳಿಯು ಮತ್ತಷ್ಟು ಹಿಗ್ಗಿ ಇನ್ನೂ ವೇಗದಿಂದ ಹೊರಡುವುದು. ಇದಕ್ಕೆ ರೀಹೀಟ್ ಎಂದೂ ಆಫ್ಟರ್‌ಬರ್ನರ್ ಎಂದೂ ಹೆಸರು. ರಾತ್ರಿಯಲ್ಲಿ ಯುದ್ಧವಿಮಾನದ ಹಿಂದೆ ಕಾಣುವ ಉದ್ದವಾದ ಬೆಂಕಿಯ ನಾಲಿಗೆಯು ಇದೇ. ಇದರಿಂದ ಬಲವು ಬರುವುದೇನೋ ನಿಜ. ಆದರೆ ತೈಲವು ನೀರಿನಂತೆ ಖರ್ಚಾಗುವುದು, ಕೊಳವೆಯು ವಿಪರೀತವಾಗಿ ಕಾಯುವುದು, ಹಿಂದಿನ ಬಾಯಿಯನ್ನು ಅಗಲಿಸಬೇಕಾಗುವುದು. ಹಾಗೆ ಅಗಲಿಸಿದ ಹಿಂಭಾಗವು ಗಾಳಿಗೆ ತಡೆಯಾಗಿ, ಬಂದ ಲಾಭವನ್ನು ತಿಂದುಹಾಕಲೂಬಹುದು. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾಲಯದವರು ಶ್ರಮಪಟ್ಟು ಓರ್ಫಿಯಸ್ ಎಂಜಿನಿಗೆ ಇಂಥ ರೀಹೀಟನ್ನು ಸಿದ್ಧಪಡಿಸಿದರು. ಅದನ್ನು ಜೋಡಿಸಿದ ಮಾರುತವನ್ನು ಪರೀಕ್ಷಿಸುವ ಭಾರವು, ಅಷ್ಟು ಹೊತ್ತಿಗೆ ಗ್ರೂಪ್ ಕ್ಯಾಪ್ಟನ್ ಆಗಿದ್ದ ಸುರಂಜನ ದಾಸರ ಮೇಲೆ ಬಿದ್ದಿತು.

ಆಗ ಅವರಿಗೆ ಐವತ್ತು ವರ್ಷ ಸಮೀಪಿಸಿತ್ತು. ಆ ವಯಸ್ಸಿನಲ್ಲಿ ಬೇರೆಯವರಾಗಿದ್ದರೆ ಕುರ್ಚಿಯಲ್ಲಿ ಕುಳಿತು ಕಿರಿಯರನ್ನು ಕಳುಹಿಸಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಮಾರುತವನ್ನು ಹುಟ್ಟಿದಂದಿನಿಂದ ಬಲ್ಲವರು ಅವರು. ೧೯೭೦ನೆಯ ಇಸವಿ ಜನವರಿ ೧೦ನೆಯ ತಾರೀಖು ರೀಹೀಟ್ ಜೋಡಿಸಿದ ಆ ವಿಮಾನದಲ್ಲಿ ಅವರು ಬೆಂಗಳೂರಿನ ವಿಮಾನ ಕಾರ್ಖಾನೆಯ ನಿಲ್ದಾಣದಿಂದ ಮೇಲೆದ್ದರು. ಎದ್ದ ಸ್ವಲ್ಪ ಹೊತ್ತಿಗೇ ವಿಮಾನವು ನೆಲಕ್ಕೆ ಬಿದ್ದು, ದಾಸರು ಅಸುನೀಗಿದರು. ಒಂಬತ್ತು ವರ್ಷಗಳ ಹಿಂದೆ ಅವರು ಮಾರುತದ ಮೊದಲನೆಯ ಹಾರಾಟವನ್ನು ನಡಸಿದ ಊರಿನಲ್ಲಿಯೇ ಅವರ ಕೊನೆಯ ಹಾರಾಟವೂ ಮುಗಿಯಿತು. ಎಪ್ಪತ್ತೈದು ವರ್ಷದ ವೃದ್ಧರಾದ ತಂದೆಯವರು ಬದುಕಿರುವಾಗಲೇ ಮಗನು ಹೋದನು. ಮಕ್ಕಳನ್ನು ಹೆತ್ತವರಿಗೆ ಆ ದುಃಖವನ್ನು ವರ್ಣಿಸಿ ಹೇಳಬೇಕಾದದ್ದಿಲ್ಲ. ಭಾರತ ಸರಕಾರವು ಅದೇ ವರ್ಷ ಅವರಿಗೆ ಮರಣಾನಂತರ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಹಾಗಾದರೆ ಅವರ ಶ್ರಮವು ವ್ಯರ್ಥವಾಯಿತೇ ಎಂದು ಕೆಲವರು ಕೇಳಬಹುದು. ರೀಹೀಟ್ ಜೋಡಿಸಿದ ಮಾರುತವು ವಾಯುಸೇನೆಗೆ ಸೇರಲೇ ಇಲ್ಲವೆಂಬುದು ನಿಜ. ಆದರೆ ದಾಸರೂ ಅವರ ಸಂಗಡಿಗರೂ ಪರೀಕ್ಷಿಸಿ ತಿದ್ದಿದ ಸಾಧಾರಣ ಮಾರುತವು ೧೯೬೭ರಿಂದ ವಾಯುಸೇನೆಯಲ್ಲಿ ಸೇವೆ ಮಾಡಿತು. ಎಲ್ಲಾ ಕೂಡಿ ೧೪೭ ಮಾರುತಗಳು ಬೆಂಗಳೂರಿನಲ್ಲಿ ತಯಾರಾದುವು. ದಾಸರು ಹೋದ ಮರುವರ್ಷವೇ, ೧೯೭೧ರ ಡಿಸೆಂಬರ್ ಯುದ್ಧದಲ್ಲಿ, ಅವು ರಾಜಸ್ಥಾನದ ಕಡೆ ಕೆಲಸ ಮಾಡಿದುವು. ಶತ್ರುಗಳ ಗುಂಡಿನಿಂದ ಒಂದು ಎಂಜಿನು ಕೆಟ್ಟರೂ ಉಳಿದ ಒಂದರಿಂದಲೇ ವಿಮಾನವು ಮನೆಗೆ ಬಂದದ್ದು ಒಂದಕ್ಕಿಂತ ಹೆಚ್ಚು ಸಲ ನಡೆಯಿತು. ಆ ವಿಮಾನಗಳಲ್ಲಿ ಕುಳಿತು ಹಿಂದಿರುಗಿ ಬಂದ ಯುವಕರು ತಮಗಿಂತ ಮೊದಲು ಅದರ ಗುಣದೋಷಗಳನ್ನೆಲ್ಲಾ ಅಳೆದು ಹೇಳಿದವರಿಗೆ ಋಣಿಗಳಲ್ಲವೇ? ಯುದ್ಧವು ಸಂತೋಷಪಡತಕ್ಕ ವಿಷಯವಲ್ಲ. ಸಮಾಧಾನಕ್ಕಾಗಿ ಪ್ರಾರ್ಥಿಸುವವರಾದ ನಾವು ಅದನ್ನು ಹೊಗಳಲಾರೆವು. ಆದರೆ ಕಳುಹಿಸಲ್ಪಟ್ಟ ಮಕ್ಕಳು ತಿರುಗಿ ಮನೆಗೆ ಬರುವಂತೆ ಯಂತ್ರವನ್ನು ನಂಬಿಗಸ್ತವಾಗಿ ಮಾಡಿಕೊಟ್ಟ ಸೇವೆಯನ್ನು ಯಾವ ತಾಯಿಯೂ ಅಲ್ಪವೆಂದೆಣಿಸಳು.

ಮಾರುತಗಳೆಲ್ಲವೂ ೧೯೯೦ರ ಹೊತ್ತಿಗೆ ವಿಶ್ರಾಂತಿ ಹೊಂದಿದುವು. ಎಂಜಿನಿನ ಕೊರತೆಯು ಮಾತ್ರ ಅವುಗಳ ಸಂಗಡ ಹೋಗಲಿಲ್ಲ. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನವು ೨೦೦೧ನೆಯ ಇಸವಿ ಜನವರಿ ೪ರಂದು ಮೊದಲು ಹಾರಿದಾಗಲೂ ಅದರೊಳಗೆ ಇದ್ದುದು ಅಮೆರಿಕದ ಎಂಜಿನು. ಅದಕ್ಕಾಗಿ ಗ್ಯಾಸ್ ಟರ್ಬೈನ್ ಸಂಶೋಧನಾಲಯದವರು ಕೈಗೊಂಡ ಕಾವೇರಿ ಎಂಬ ಎಂಜಿನು ಬೇಕಾದಷ್ಟು ಬಲವನ್ನು ಕೊಡದೆ ಹೋದುದರಿಂದ ಅದನ್ನು ತೇಜಸಿನಿಂದ ಬೇರ್ಪಡಿಸಬೇಕಾಯಿತು. ದಾಸರು ಯಾವ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತಾ ಪ್ರಾಣಬಿಟ್ಟರೋ ಆ ಪ್ರಶ್ನೆಯು ಹೀಗೆ ಒಂದು ತಲೆಮಾರನ್ನು ದಾಟಿ ಮುಂದಿನವರ ಕೈಗೆ ಬಂದಿತು.

ಆ ಹುಡುಕಾಟದ ಒಂದು ಭಾಗವು ಈಗ ನಮ್ಮ ಜಿಲ್ಲೆಗೇ ಬಂದಿದೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ, ಹಿಂದೆ ಮೈಸೂರು ಅರಸರ ಅಮೃತಮಹಲ್ ದನಗಳು ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ, ನಾಲ್ಕು ಸಾವಿರ ಎಕರೆಗೂ ಮೀರಿದ ವಿಮಾನ ಪರೀಕ್ಷಾ ಕ್ಷೇತ್ರವು ೨೦೧೭ನೆಯ ಇಸವಿ ಮೇ ೨೮ರಂದು ಉದ್ಘಾಟಿತವಾಯಿತು. ಕುರಿದನಗಳನ್ನು ಅಲ್ಲಿ ಮೇಯಿಸಿಕೊಂಡು ಬಾಳುತ್ತಿದ್ದ ಸುತ್ತಣ ಹಳ್ಳಿಗಳವರು ಅದಕ್ಕಾಗಿ ತಮ್ಮ ಹುಲ್ಲುಗಾವಲನ್ನು ಬಿಡಬೇಕಾಯಿತೆಂಬುದನ್ನು ನಾವು ಮರೆಯಬಾರದು. ಅಲ್ಲಿ ಮುಖ್ಯವಾಗಿ ಮನುಷ್ಯನಿಲ್ಲದೆ ಹಾರುವ ವಿಮಾನಗಳನ್ನು ಪರೀಕ್ಷಿಸುತ್ತಾರೆ. ೨೦೧೯ನೆಯ ಇಸವಿ ಸೆಪ್ಟೆಂಬರ್ ೧೭ರಂದು ಅಂಥ ವಿಮಾನವೊಂದು ಜೋಡಿ ಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದು ಒಡೆಯಿತು. ಸುತ್ತಮುತ್ತಲಿನ ಜನರು ಓಡಿಬಂದು ನೋಡಿದರು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ೨೦೨೨ನೆಯ ಇಸವಿ ಜುಲೈ ೧ರಂದು ಬಾಲವಿಲ್ಲದೆ ರೆಕ್ಕೆಯೇ ಒಡಲಾಗಿರುವ ಚಿಕ್ಕ ಜೆಟ್ ವಿಮಾನವೊಂದು ಅಲ್ಲಿಂದ ತಾನಾಗಿ ಎದ್ದು ಹಾರಿ ತಾನಾಗಿಯೇ ಇಳಿಯಿತು. ೨೦೨೩ನೆಯ ಇಸವಿ ಏಪ್ರಿಲ್ ೨ರಂದು ಬಾಹ್ಯಾಕಾಶ ಸಂಸ್ಥೆಯವರು ತಮ್ಮ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟು, ಅದು ಎಂಜಿನಿನ ಸಹಾಯವಿಲ್ಲದೆ ತೇಲಿಬಂದು ಇದೇ ಬಯಲಿನಲ್ಲಿ ಇಳಿಯುವಂತೆ ಮಾಡಿದರು. ಬೆಂಗಳೂರಿನಲ್ಲಿ ಮರದ ಮಾರುತವನ್ನು ಹಗ್ಗದಿಂದ ಎಳೆದು ಬಿಟ್ಟ ವಿಧಾನಕ್ಕೂ ಇದಕ್ಕೂ ಇರುವ ಹೋಲಿಕೆಯನ್ನು ವಾಚಕರು ತಾವೇ ಕಾಣಬಹುದು. ಒಂದು ಕಾಲದಲ್ಲಿ ಪರೀಕ್ಷೆಯು ತಪ್ಪಿದರೆ ಮನುಷ್ಯ ಬೀಳುತ್ತಿದ್ದನು. ಈಗ ಕೆಲವು ಪರೀಕ್ಷೆಗಳಲ್ಲಾದರೂ ಯಂತ್ರ ಮಾತ್ರ ಬೀಳುತ್ತದೆ. ಇದು ದಾಸರಂಥವರ ಪ್ರಾಣದ ಬೆಲೆಯಿಂದ ಲೋಕವು ಕಲಿತ ಪಾಠವೆಂದೇ ಹೇಳಬೇಕು.

ನಮ್ಮ ಶಾಲೆಯು ಹೆಣ್ಣುಮಕ್ಕಳ ಶಾಲೆಯಾದುದರಿಂದ ಇನ್ನೊಂದು ಸಂಗತಿಯನ್ನು ಹೇಳದೆ ಮುಗಿಸಲಾಗದು. ೨೦೧೬ನೆಯ ಇಸವಿ ಜೂನ್ ೧೮ರಂದು ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಯುವತಿಯರು ಯುದ್ಧವಿಮಾನದ ವಿಭಾಗಕ್ಕೆ ಸೇರಿದ ಮೊದಲನೆಯ ಭಾರತೀಯ ಸ್ತ್ರೀಯರಾದರು. ಅವರು ಜೆಟ್ ವಿಮಾನವನ್ನು ನಡೆಯಿಸಲು ಮೊದಲು ಕಲಿತದ್ದು ಯಾವುದರಲ್ಲಿ? ೧೯೬೪ರಲ್ಲಿ ಸುರಂಜನ ದಾಸರು ಮೊದಲನೆಯ ಸಲ ಏರಿಸಿದ ಆ ಕಿರಣ್ ಜಾತಿಯ ವಿಮಾನದಲ್ಲಿಯೇ. ಮುಂದಿನ ತರಬೇತಿಯನ್ನು ಅವರು ನಮ್ಮ ನಾಡಿನ ಬೀದರಿನಲ್ಲಿ ಪಡೆದರು. ೨೦೧೮ರ ಫೆಬ್ರವರಿಯಲ್ಲಿ ಅವನಿಯವರು ಒಬ್ಬರೇ ಯುದ್ಧವಿಮಾನವನ್ನು ಹಾರಿಸಿದರು. ದಾಸರು ಅವರ ಮುಖವನ್ನು ಕಾಣಲಿಲ್ಲ, ಅಂಥವರು ಬರುವರೆಂದು ಪ್ರಾಯಶಃ ಎಣಿಸಿರಲೂ ಇಲ್ಲ. ಆದರೂ ಅವರು ಪರೀಕ್ಷಿಸಿಕೊಟ್ಟ ಯಂತ್ರವು ಆ ಹೆಣ್ಣುಮಕ್ಕಳನ್ನು ಹೊತ್ತು ಕ್ಷೇಮವಾಗಿ ಇಳಿಸಿತು.

ಸುರಂಜನ ದಾಸರ ಜೀವಿತದಿಂದ ನಮ್ಮ ಮಕ್ಕಳು ಕಲಿಯತಕ್ಕದ್ದು ಪ್ರಾಣವನ್ನು ಲಕ್ಷ್ಯಮಾಡದೆ ಸಾಹಸಕ್ಕೆ ಹೊರಡುವುದನ್ನಲ್ಲ. ಕೈಗೆ ಬಂದ ಕೆಲಸವನ್ನು ಸರಿಯಾಗಿ ಪರೀಕ್ಷಿಸಿ, ಇದ್ದುದನ್ನು ಇದ್ದಂತೆಯೇ ಹೇಳುವ ಗುಣವನ್ನು ಕಲಿಯಬೇಕು. ಆಸ್ಪತ್ರೆಯಲ್ಲಿ ರೋಗಿಯ ಜ್ವರವನ್ನು ಅಳೆದು ಬರೆಯುವ ದಾದಿಗೂ, ಪಾಠಶಾಲೆಯಲ್ಲಿ ಮಗುವಿನ ಉತ್ತರವನ್ನು ತಿದ್ದುವ ಉಪಾಧ್ಯಾಯಿನಿಗೂ, ಕಾರ್ಖಾನೆಯಲ್ಲಿ ತಿರುಪನ್ನು ಬಿಗಿದು ರುಜು ಹಾಕುವ ಎಂಜಿನಿಯರಿಗೂ ಇದೇ ಗುಣವು ಬೇಕು. ಅವರ ಹಿಂದೆಯೂ ಅವರ ಮಾತನ್ನು ನಂಬಿ ನಡೆಯುವವರು ಇದ್ದೇ ಇರುತ್ತಾರೆ. ಗಣಿತವೂ ಪದಾರ್ಥವಿಜ್ಞಾನವೂ ಹೆಣ್ಣುಮಕ್ಕಳಿಗೆ ಹೊರೆಯೆಂದು ಎಣಿಸುವ ತಾಯಿತಂದೆಗಳು ನಮ್ಮ ಸೀಮೆಯಲ್ಲಿ ಇನ್ನೂ ಇರಬಹುದು. ಅಂಥವರು ತಮ್ಮ ಮಗಳ ಕೈಗೆ ಈ ಪುಸ್ತಕವನ್ನು ಕೊಟ್ಟು, ಜೆಟ್ ಎಂಜಿನು ಹೇಗೆ ನಡೆಯುವುದೆಂದು ಅವಳಿಂದಲೇ ಹೇಳಿಸಿ ಕೇಳಲಿ. ಹೆಚ್ಚು ಕಾಲ ಸೋಲದ ಅಲಗನ್ನೂ, ಹೆಚ್ಚು ಬಲದ ಉರಿಗೂಡನ್ನೂ ಮಾಡಬಲ್ಲವರಿಗಾಗಿ ದೇಶವು ಕಾದಿದೆ. ಅವರಲ್ಲಿ ಒಬ್ಬಳು ಹೊಳಲ್ಕೆರೆಯಿಂದಾಗಲಿ ಹೊಸದುರ್ಗದಿಂದಾಗಲಿ ಏಕೆ ಬರಬಾರದು? ಕೊಡಲ್ಪಟ್ಟ ತಲಾಂತನ್ನು ಮಣ್ಣಿನಲ್ಲಿ ಹೂಳದೆ ವೃದ್ಧಿಪಡಿಸುವ ಕೃಪೆಯನ್ನು ದೇವರು ನಮ್ಮ ಮಕ್ಕಳಿಗೆಲ್ಲಾ ಅನುಗ್ರಹಿಸಲಿ.